ಔರಾದದ ಬಿಸಿಲಿಗೆ ಸಿಕ್ಕ ನನ್ನ ಮೊದಲ ನಕ್ಷೆ

ಮೇಜಿನ ಮುಂದೆ ಕೂತು ಕಟ್ಟಡದ ನಕ್ಷೆ ಬರೆಯುವವನಿಗೆ ತಪ್ಪೇ ಆಗುವುದಿಲ್ಲ. ಬಸ್ಸು ಹತ್ತಿ ಹೊರಟನೋ, ಒಂದರ ಹಿಂದೆ ಒಂದು ಫಜೀತಿ ಶುರು. ಈ ಕಸುಬಿಗೆ ಬಿದ್ದು ಇಷ್ಟು ವರ್ಷವಾದರೂ, ಹೊಸ ಊರಿಗೆ ಕಾಲಿಟ್ಟ ಮೊದಲ ದಿನ ನನ್ನನ್ನು ನೋಡಿ ಯಾರಾದರೊಬ್ಬರು ನಗದೇ ಬಿಟ್ಟದ್ದಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರೂ ನಗದಿದ್ದರೆ ನಾನೇನೋ ಸರಿಯಾಗಿ ನೋಡಿಲ್ಲವೆಂದು ಗಾಬರಿಯಾಗುತ್ತದೆ.

ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರಲ್ಲ, ನಾನು ಕೋಶವನ್ನಷ್ಟೇ ಓದಿ ಮುಗಿಸಿದ್ದೆ, ಅದೂ ಮುಂಬಯಿಯಲ್ಲಿ. ಗ್ರೀಸಿನ ಕಂಬದ ನೆರಳು ಯಾವ ಕಡೆ ಬೀಳುತ್ತದೆಂದು ನಿದ್ದೆಯಲ್ಲೂ ಬರೆಯಬಲ್ಲವನಾಗಿದ್ದೆ. ಆಮೇಲೆ ಬೆಂಗಳೂರಿನ ಸರ್ಕಾರಿ ಕಚೇರಿಯಲ್ಲಿ ಎರಡು ವರ್ಷ ಬೇರೆಯವರ ನಕ್ಷೆಗಳನ್ನು ನಕಲು ಮಾಡಿದೆ. ಕತ್ತು ಬಗ್ಗಿಸಿ ಬಗ್ಗಿಸಿ, ಬೀದಿಯಲ್ಲಿ ನಡೆಯುವಾಗಲೂ ನೆಲವನ್ನೇ ನೋಡುವಂತಾಗಿತ್ತು.

ಬೀದರ್ ಜಿಲ್ಲೆ ಹೈದರಾಬಾದು ರಾಜ್ಯದಿಂದ ಆಗತಾನೇ ನಮ್ಮ ಮೈಸೂರು ರಾಜ್ಯಕ್ಕೆ ಬಂದು ಸೇರಿತ್ತು. ನನ್ನ ಮೇಲಧಿಕಾರಿ ಒಂದು ದಿನ ಕರೆದು ಹೇಳಿದರು: “ಔರಾದ ತಾಲ್ಲೂಕಿನಲ್ಲಿ ಒಂದು ಹಳ್ಳಿಗೆ ಶಾಲೆ ಬೇಕಂತೆ. ನಕ್ಷೆ ನೀವೇ ಬರೀರಿ, ಹೋಗಿ ನೀವೇ ಕಟ್ಟಿಸಿ. ಚೆನ್ನಾಗಿ ಬಂದರೆ ಇನ್ನು ಮೇಲೆ ನಿಮ್ಮ ನಕ್ಷೆ ನಿಮ್ಮದು. ಕೆಟ್ಟರೆ ವಾಪಸು ಬಂದು ಅದೇ ಮೇಜಿನಲ್ಲಿ ನಕಲು ಮಾಡ್ತಾ ಕೂತಿರಿ.”

ಆ ಮೇಜಿಗೆ ಮರಳುವುದೆಂದರೆ ನನಗೆ ಜೈಲಿಗೆ ಹೋದಂತೆ. ಮೂರೇ ದಿನದಲ್ಲಿ ನಕ್ಷೆ ಬರೆದೆ. ಸಾಲಾಗಿ ನಾಲ್ಕು ಕೋಣೆ, ಮುಂದೆ ಉದ್ದಕ್ಕೂ ಪಡಸಾಲೆ, ಮೇಲೆ ಇಳಿಜಾರಾದ ಹಂಚಿನ ಮಾಡು. ಪಶ್ಚಿಮದ ತುದಿಗೆ ದೊಡ್ಡ ತರಗತಿ, ಅದರ ಗೋಡೆಗೆ ನಾಲ್ಕು ದೊಡ್ಡ ಕಿಟಕಿ, ಏಕೆಂದರೆ ನಮ್ಮ ಮೈಸೂರಿನ ಮನೆಯಲ್ಲಿ ಸಂಜೆಯ ತಂಗಾಳಿ ಬರುತ್ತಿದ್ದದ್ದು ಆ ಕಡೆಯಿಂದ. ಪೂರ್ವದ ತುದಿಗೆ ಸಾಮಾನಿನ ಕೋಣೆ, ಅದಕ್ಕೆ ಕಿಟಕಿಯಿಲ್ಲದ ಕುರುಡು ಗೋಡೆ. ಮೇಲಧಿಕಾರಿ ಮೊಹರು ಒತ್ತಿದರು. ಆವರೆಗೆ ನಾನು ಬೀದರನ್ನು ಭೂಪಟದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ.

೧. ಗುಮ್ಮಟದ ಹೊರಗೆ

ಬೀದರಿಗೆ ಬಂದ ಮೊದಲ ಭಾನುವಾರ ಕಾಲೇಜಿನಲ್ಲಿ ಕಲಿಸಿದ್ದನ್ನೇ ಮಾಡಿದೆ. ಚಿತ್ರದ ಪುಸ್ತಕ, ಪೆನ್ಸಿಲು, ಮಡಿಸುವ ಸ್ಟೂಲು ಹಿಡಿದು ಊರಾಚೆಯ ಹಳೇ ಗೋರಿಯೊಂದರ ಎದುರು ಹೋಗಿ ಕೂತೆ. ದೊಡ್ಡ ಗುಮ್ಮಟ, ಎತ್ತರದ ಕಮಾನು. ಹತ್ತು ಗಂಟೆಗೆ ಶುರುಮಾಡಿದವನು ಹನ್ನೆರಡಾದರೂ ಏಳಲಿಲ್ಲ. ಬೆವರು ಹಾಳೆಯ ಮೇಲೆ ಬಿದ್ದು ಗುಮ್ಮಟದ ಅಂಚು ಎರಡು ಕಡೆ ಅಳಿಸಿತು.

ಕಮಾನಿನ ಒಳಗಿಂದ ಆಡು ಕಾಯುವ ಮುದುಕನೊಬ್ಬ ನನ್ನನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಕೂಗಿದ: “ಏನ್ ಮಾಡ್ಲತ್ತೀರಿ ಸಾಹೇಬ್ರ?”

“ಕಟ್ಟಡ ನೋಡ್ತಾ ಇದ್ದೀನಿ.”

“ನೋಡಾಕ ಹೊರಗ್ಯಾಕ ಕುಂತೀರಿ? ಒಳಗ ಬರ್ರಿ.”

ಹೋದೆ. ಎರಡು ಗಂಟೆಯಿಂದ ಅದರ ಮುಖ ಬರೆಯುತ್ತಿದ್ದವನಿಗೆ ಒಳಗೆ ಹೋಗಬೇಕೆಂದು ಹೊಳೆದೇ ಇರಲಿಲ್ಲ. ಒಳಗೆ ಮಡಕೆಯ ನೀರಿನ ತಂಪು. ಮೇಲಿನ ಕಿಂಡಿಯಿಂದ ಬಂದ ಗಾಳಿ ಎದುರಿನ ಬಾಗಿಲಿಂದ ಹೊರಗೆ ಹೋಗುತ್ತಿತ್ತು. ಆ ಗಾಳಿಯ ದಾರಿಯಲ್ಲೇ ಇಪ್ಪತ್ತು ಆಡುಗಳು ಸಾಲಾಗಿ ಮಲಗಿದ್ದವು, ಒಂದೂ ಆಚೀಚೆ ಇಲ್ಲ.

“ಇವಕ್ಕೆ ಇಲ್ಲಿ ಮಲಗೋದು ಕಲಿಸಿದ್ದು ನೀನಾ?” ಎಂದೆ.

“ನಾ ಯಾಕ ಕಲಿಸ್ಲಿ?” ಎಂದ ಮುದುಕ. “ಮೊದ್ಲು ಅವೇ ಬಂದು ಮಲಗಿದ್ವು. ನಾ ಹಿಂದಿಂದ ಬಂದೆ. ನೀವು ನನ್ನ ಹಿಂದಿಂದ ಬಂದ್ರಿ.”

೨. ಮಾಸ್ತರರ ಹೆಂಡತಿ

ಬೀದರಿನ ಕಚೇರಿಯಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ಅಲ್ಲಿನ ಹಳೆಯ ಕಡತಗಳೆಲ್ಲ ಉರ್ದುವಿನಲ್ಲಿದ್ದವು. ಮೊದಲ ದಿನ ಒಂದನ್ನು ನಾನು ನಮ್ಮ ಅಭ್ಯಾಸದಂತೆ ಎಡಗಡೆಯಿಂದ ಬಿಡಿಸಿ ಗಂಭೀರವಾಗಿ ನೋಡುತ್ತಿದ್ದಾಗ ಅವರು ಮೆಲ್ಲಗೆ ಬಂದು, “ಸಾಹೇಬ್ರ, ನೀವು ಅಖೇರಿಯಿಂದ ಶುರು ಮಾಡೀರಿ” ಎಂದು ತಿರುಗಿಸಿ ಇಟ್ಟು ಹೋಗಿದ್ದರು. ತಿರುಗಿಸಿದ ಮೇಲೂ ನನಗೆ ಅಷ್ಟೇ ಅರ್ಥವಾಯಿತೆನ್ನಿ.

ಅವರಿಗೆ ನನ್ನ ಶಾಲೆಯ ನಕ್ಷೆ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

“ಛಲೋ ಅದರಿ. ಆದ್ರ ಮಾಳಗಿ ಯಾಕ ಹಿಂಗ ಜಾರ್ತದ?”

“ಮಳೆ ನೀರು ಇಳಿದು ಹೋಗೋಕೆ.”

“ಮಳಿ ಬಂದ್ರ ಇಳೀತದ, ಖರೇ. ಬರದ ದಿವಸ? ಮೆಣಸಿನಕಾಯಿ ಎಲ್ಲಿ ಒಣಗಸ್ತಾರ? ಹಪ್ಪಳ ಎಲ್ಲಿ ಹಾಕ್ತಾರ?”

ನನಗೆ ಸ್ವಲ್ಪ ರೇಗಿತು. “ಇದು ಶಾಲೆ ಕಣ್ರೀ. ಶಾಲೆ ಮೇಲೆ ಹಪ್ಪಳ ಯಾಕೆ ಒಣಗಿಸ್ತಾರೆ?”

ಗುಮಾಸ್ತರು ಕನ್ನಡಕ ಇಳಿಸಿ, ತೀರ ವಿನಯದಿಂದ ಕೇಳಿದರು: “ಸಾಲಿ ಮಾಸ್ತರಿಗೆ ಹೆಂಡ್ತಿ ಇರಂಗಿಲ್ಲೇನ್ರಿ?”

ನಕ್ಷೆ ಸುತ್ತಿಕೊಂಡು ಎದ್ದೆ. ವಿಚಾರಿಸಿದರೆ, ನಾನು ಬರೆದಿದ್ದ ಹಂಚು ಆ ಸೀಮೆಯಲ್ಲಿ ಸಿಗುವುದೂ ಇಲ್ಲ ಎಂದು ತಿಳಿಯಿತು. ಇಳಿಜಾರು ಮಾಡಿನ ಬದಲು ಸಮತಟ್ಟಾದ ಮಾಳಿಗೆ ಇರಲಿ ಎಂದು ಬೆಂಗಳೂರಿಗೆ ಕಾಗದ ಬರೆದೆ. ‘ಮಾಸ್ತರರ ಹೆಂಡತಿ’ ಎಂಬ ಕಾರಣವನ್ನು ಮಾತ್ರ ಕಾಣಿಸಲಿಲ್ಲ. ಒಪ್ಪಿಗೆ ಬರಲು ಮೂರು ತಿಂಗಳಾಯಿತು. ಇನ್ನೊಂದು ಬದಲಾವಣೆಗೆ ಬರೆದರೆ ಮಳೆಗಾಲದೊಳಗೆ ಕೆಲಸ ಮುಗಿಯುವುದಿಲ್ಲ, ಮಳೆಗಾಲದೊಳಗೆ ಮುಗಿಯದಿದ್ದರೆ ನನ್ನ ಗತಿ ಆ ಮೇಜೇ. ಇನ್ನು ಏನೇ ಆದರೂ ಕಾಗದ ಬರೆಯುವುದಿಲ್ಲವೆಂದು ಅಂದೇ ನಿರ್ಧಾರ ಮಾಡಿದೆ.

೩. ಭಾಲ್ಕಿಯ ಗೋಡೆ

ಒಪ್ಪಿಗೆಗಾಗಿ ಕಾಯುವ ಆ ಮೂರು ತಿಂಗಳಲ್ಲಿ ಸುಮ್ಮನೆ ಕೂರಲಾಗದೆ ರೈಲು ಹತ್ತಿ ಭಾಲ್ಕಿಗೆ ಹೋಗಿದ್ದೆ, ಹಳೆಯ ಮನೆಗಳನ್ನು ಅಳೆದು ಬರೆದುಕೊಳ್ಳಲು. ವ್ಯಾಪಾರಸ್ಥರೊಬ್ಬರ ಮನೆಗೆ ಹೋದೆ. ಟೇಪು ಬಿಚ್ಚಿದ್ದೇ ತಡ, ಮನೆಯ ಇಬ್ಬರು ಅಣ್ಣತಮ್ಮಂದಿರು ಎರಡು ಕಡೆಯಿಂದ ಓಡಿಬಂದರು. ಮನೆಯನ್ನು ಪಾಲು ಮಾಡಲು ಇನ್ನೊಬ್ಬನೇ ನನ್ನನ್ನು ಕರೆಸಿದ್ದಾನೆಂದು ಇಬ್ಬರಿಗೂ ಅನುಮಾನ. ಟೇಪಿನ ಒಂದು ತುದಿ ಅಣ್ಣ ಹಿಡಿದ, ಇನ್ನೊಂದು ತುದಿ ತಮ್ಮ ಹಿಡಿದ. ಅಷ್ಟು ಬಿಗಿಯಾಗಿ, ಅಷ್ಟು ಪ್ರಾಮಾಣಿಕವಾಗಿ ನನ್ನ ಟೇಪನ್ನು ಜನ್ಮದಲ್ಲಿ ಯಾರೂ ಹಿಡಿದದ್ದಿಲ್ಲ.

ಗೋಡೆಯ ದಪ್ಪ ಅಳೆದರೆ ಮೂರು ಅಡಿ. “ಅಯ್ಯೋ, ಎಷ್ಟು ಜಾಗ ದಂಡ! ಗೋಡೆ ತೆಳ್ಳಗೆ ಮಾಡಿದ್ದರೆ ಇನ್ನೊಂದು ಕೋಣೆ ಬರುತ್ತಿತ್ತು” ಎಂದೆ.

ಮೂಲೆಯಲ್ಲಿ ಕೂತು ತೊಗರಿ ಆರಿಸುತ್ತಿದ್ದ ಅವರ ವಯಸ್ಸಾದ ತಾಯಿ ಎದ್ದು ಬಂದರು. ಅದೇ ಗೋಡೆಯ ಗೂಡಿನಿಂದ ದೀಪ ತೆಗೆದು ತೋರಿಸಿದರು. ಇನ್ನೊಂದು ಗೂಡಿನಿಂದ ವಿಭೂತಿಗಟ್ಟಿ. ಮರದ ಬಾಗಿಲು ತೆಗೆದರೆ ಅದೇ ಗೋಡೆಯೊಳಗೆ ಪಾತ್ರೆ, ಉಪ್ಪಿನಕಾಯಿ ಭರಣಿ, ಮಡಿಸಿಟ್ಟ ಕೌದಿ. ಪಕ್ಕದಲ್ಲಿ ಸಣ್ಣ ಮೆಟ್ಟಿಲು, ಅದೂ ಗೋಡೆಯೊಳಗಿಂದಲೇ ಮಾಳಿಗೆಗೆ ಏರಿತ್ತು. ಆಮೇಲೆ ನನ್ನ ಕೈ ಹಿಡಿದು ಗೋಡೆಗೆ ಒತ್ತಿಸಿದರು. ಹೊರಗೆ ಸುಡುಬಿಸಿಲು, ಗೋಡೆ ತಣ್ಣಗಿತ್ತು.

“ನಿಮ್ಮ ಕಡಿ ಗ್ವಾಡಿ ಬರೇ ನಿಂತಿರ್ತಾವೇನಪ್ಪ?” ಎಂದರು ಅಜ್ಜಿ. “ನಮ್ಮಲ್ಲಿ ಕೆಲಸಾ ಮಾಡ್ತಾವ.” ಮತ್ತೆ ಮಕ್ಕಳ ಕಡೆ ತಿರುಗಿ, “ಈ ಮನ್ಯಾಗ ಕೆಲಸಾ ಮಾಡೋದು ಅವೇ” ಎಂದರು.

೪. ಬಸ್ಸಿನ ಖಾಲಿ ಸೀಟು

ಔರಾದಕ್ಕೆ ರೈಲಿಲ್ಲ. ಬೀದರಿನಿಂದ ಬೆಳಗಿನ ಬಸ್ಸು ಹತ್ತಿದರೆ ಉತ್ತರಕ್ಕೆ ಹೋಗಬೇಕು. ಮೊದಲ ಸಲ ಹತ್ತಿದಾಗ ಎಡಗಡೆಯ ಸೀಟುಗಳಲ್ಲಿ ಮೂವರ ಜಾಗಕ್ಕೆ ಐವರು ಕೂತಿದ್ದರು, ಬಲಗಡೆ ಪೂರ್ತಿ ಖಾಲಿ. ಹಳ್ಳಿಯ ಜನ ನಗರದವನಿಗೆ ಮರ್ಯಾದೆ ಕೊಡುತ್ತಾರೆಂದು ಕೇಳಿದ್ದೆ. ಧನ್ಯವಾದ ಹೇಳಿ ಬಲಗಡೆ ಕಾಲು ಚಾಚಿ ಕೂತೆ. ಸಂತಪುರ ತಲುಪುವ ಹೊತ್ತಿಗೆ ನನ್ನ ಬಲಗೆನ್ನೆ ಹಂಚಿನ ಮೇಲಿನ ರೊಟ್ಟಿಯಾಗಿತ್ತು.

ಅಂದೇ ಮಧ್ಯಾಹ್ನ ಮರಳುವಾಗ ನಾನು ಹುಷಾರಾದೆ. ಓದಿದವನಲ್ಲವೇ, ಲೆಕ್ಕ ಹಾಕಿದೆ. ಬರುವಾಗ ಬಿಸಿಲು ಬಲಕ್ಕಿತ್ತು. ಈಗ ಬಸ್ಸು ತಿರುಗಿದೆ. ಆದ್ದರಿಂದ ಬಿಸಿಲು ಎಡಕ್ಕೆ. ಎಡಗಡೆ ನೂಕಿಕೊಂಡು ಕೂತವರನ್ನು ನೋಡಿ ಪಾಪ ಎನಿಸಿತು. ನಾನು ಮತ್ತೆ ಬಲಗಡೆ ಕೂತೆ.

ಅದೇ ಕೆನ್ನೆ ಮತ್ತೊಮ್ಮೆ ಬೆಂದಿತು.

ಕಂಡಕ್ಟರ್ ಬೆಳಗಿನವನೇ. ಟಿಕೆಟು ಕೊಡುತ್ತ ನನ್ನ ಮುಖ ನೋಡಿ, “ಸಾಹೇಬ್ರು ಏನ್ ಕೆಲಸಾ ಮಾಡ್ತೀರಿ?” ಎಂದ. ಮನೆ, ಶಾಲೆಗಳ ನಕ್ಷೆ ಬರೆಯುತ್ತೇನೆ, ಎಲ್ಲಿ ಬಿಸಿಲು ಎಲ್ಲಿ ನೆರಳು ಎಂದು ಲೆಕ್ಕ ಹಾಕುತ್ತೇನೆ ಎಂದೆ. ಹಾಕಿದ ಲೆಕ್ಕವನ್ನೂ ವಿವರಿಸಿದೆ.

“ಲೆಕ್ಕಾ ಬರೋಬ್ಬರಿ ಅದರಿ,” ಎಂದ ಆತ. “ಬಸ್ಸು ತಿರುಗಿದ್ದು ಹಿಡಿದೀರಿ. ಆದ್ರ ನಾವು ಮುಂಜಾನಿಂದ ದುಡೀಲತ್ತೇವಿ, ಸೂರ್ಯಾ ಒಬ್ಬಾಂವ ಅಲ್ಲೇ ಕುಂತಿರ್ತಾನೇನ್ರಿ?”

ಬಸ್ಸಿಗೆ ಬಸ್ಸೇ ನಕ್ಕಿತು. ಅಷ್ಟಾದರೂ ನನ್ನ ತಲೆಗೆ ಹೊಕ್ಕದ್ದು ಬಸ್ಸಿನಲ್ಲಿ ಯಾವ ಕಡೆ ಕೂರಬೇಕು ಎಂಬುದಷ್ಟೇ. ಜೋಳಿಗೆಯಲ್ಲಿದ್ದ ನಕ್ಷೆಗೂ ಪಶ್ಚಿಮವೊಂದಿದೆ ಎಂಬುದು ಹೊಳೆಯಲೇ ಇಲ್ಲ. ಈಗ ನಾನು ಪಾಠ ಹೇಳುವ ವಿದ್ಯಾರ್ಥಿಗಳು ಪ್ರವಾಸ ಹೋಗಿಬಂದು ನನಗೆ ನೂರಾರು ಫೋಟೋ ತೋರಿಸುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿ ಕೂತಿದ್ದಿರಿ? ಹೋಟೆಲಿನಲ್ಲಿ ಎನ್ನುತ್ತಾರೆ. ಹಾಗಾದರೆ ಆ ಊರನ್ನು ಇನ್ನೂ ನೋಡಿಲ್ಲ ಎನ್ನುತ್ತೇನೆ. ಅವರಿಗೆ ಬೇಜಾರಾಗುತ್ತದೆ. ನನ್ನ ಕೆನ್ನೆಯ ಕಥೆ ಅವರಿಗೇನು ಗೊತ್ತು?

೫. ಬಲದಿಂದ ಎಡಕ್ಕೆ

ಶಾಲೆ ಕಟ್ಟಬೇಕಿದ್ದ ಹಳ್ಳಿ ಸಂತಪುರದಿಂದಾಚೆ ಕಾಲುದಾರಿಯಲ್ಲಿತ್ತು. ಗೋಡೆ ಕಟ್ಟುವ ಮೇಸ್ತ್ರಿಯನ್ನು ಆ ಕಡೆ ಗೌಂಡಿ ಎನ್ನುತ್ತಾರೆ. ನಮಗೆ ಸಿಕ್ಕ ಗೌಂಡಿ ಅರವತ್ತು ದಾಟಿದವರು. ಸುತ್ತಲಿನ ಅರ್ಧ ಮನೆಗಳು ಅವರ ಕೈಯಲ್ಲೇ ಎದ್ದವು. ನಾಲ್ಕು ಮೂಲೆಗೆ ಗೂಟ ಹೊಡೆಸಿ, ನಕ್ಷೆಯನ್ನು ಹಾಸಿ, ಬೆರಳಿಟ್ಟು ಒಂದೊಂದು ಕೋಣೆಯನ್ನೂ ತೋರಿಸಿದೆ. ಎಲ್ಲಕ್ಕೂ “ಆತ್ರಿ” ಎನ್ನುತ್ತಿದ್ದವರು ದೊಡ್ಡ ತರಗತಿಯ ಹತ್ತಿರ ಬಂದಾಗ ತಾವೂ ಬೆರಳಿಟ್ಟರು.

“ಈ ನಾಲ್ಕು ಖಿಡಕಿ ಯಾವ ಕಡಿ ಬರ್ತಾವ್ರಿ?”

“ಪಶ್ಚಿಮಕ್ಕೆ. ಗಾಳಿಗೆ.”

“ಗಾಳಿ ಬರ್ತದ್ರಿ. ಒಲಿ ಬಾಯಿಂದ ಬಂದಂಗ ಬರ್ತದ. ಮಕ್ಕಳು ಬೇಯ್ತಾವ್ರಿ ಸಾಹೇಬ್ರ. ಖಿಡಕಿ ಮೂಡಲಕ್ಕ ಇಡ್ರಿ, ಆ ಸಾಮಾನಿನ ಕ್ವಾಣಿ ಈ ಕಡಿ ಬರ್ಲಿ. ಕುರುಡ ಗ್ವಾಡಿ ಬಿಸಿಲು ತಡೀತದ.”

ಮೂರು ತಿಂಗಳ ಕಾಗದ ನನ್ನ ಕಣ್ಣಮುಂದೆ ಬಂತು. ಅದಕ್ಕಿಂತ ಹೆಚ್ಚಾಗಿ ಮುಂಬಯಿಯಲ್ಲಿ ಓದಿದ ಜಂಬ. “ಮೊಹರು ಬಿದ್ದ ನಕ್ಷೆ ಇದು. ಒಂದು ಗೆರೆಯನ್ನೂ ಬದಲಿಸುವ ಹಾಗಿಲ್ಲ” ಎಂದೆ.

“ಆತ್ರಿ” ಎಂದರು ಗೌಂಡಿ.

ಬಾಗಿಲು ಕಿಟಕಿಗಳ ಮರ ಹೊಂದಿಸಲು ನಾನು ಬೀದರಿಗೆ ಹೋದೆ. ಮರಳಲು ಮೂರು ವಾರವಾಯಿತು. ಬಂದು ನೋಡಿದರೆ ಗೋಡೆಗಳು ಆಳೆತ್ತರ ದಾಟಿವೆ, ಗೆರೆ ಎಳೆದಂತೆ ನೆಟ್ಟಗಿವೆ, ಮತ್ತು ಇಡೀ ಶಾಲೆ ತಿರುಗುಮುರುಗಾಗಿದೆ! ಪಶ್ಚಿಮದ ತುದಿಯಲ್ಲಿ ಸಾಮಾನಿನ ಕೋಣೆ, ಕುರುಡು ಗೋಡೆ. ಪೂರ್ವದ ತುದಿಯಲ್ಲಿ ದೊಡ್ಡ ತರಗತಿ, ನಾಲ್ಕು ಕಿಟಕಿ. ಕನ್ನಡಿಯಲ್ಲಿ ನೋಡಿದರೆ ಮಾತ್ರ ಅದು ನನ್ನ ನಕ್ಷೆ.

ಕೂಗಾಡಿದೆ. ಗೌಂಡಿ ಕರಣೆ ಕೆಳಗಿಟ್ಟು, ತಲೆ ತಗ್ಗಿಸಿ, ಕಿವಿ ಮುಟ್ಟಿಕೊಂಡರು.

“ಮಾಫ್ ಮಾಡ್ರಿ ಸಾಹೇಬ್ರ. ನಾವು ನಿಜಾಮನ ಕಾಲದವ್ರು. ಉರ್ದು ಸಾಲಿ ಓದಿದಾಂವ. ಉರ್ದು ಬಲದಿಂದ ಎಡಕ್ಕ ಓದ್ತಾರಲ್ರಿ? ನಕ್ಷಾನೂ ರೂಢಿ ಮ್ಯಾಲ ಹಂಗೇ ಓದಿಬಿಟ್ಟೆ.”

ಇದು ನನಗೆ ಸರಿ ಎನಿಸಿಬಿಟ್ಟಿತು. ಕಚೇರಿಯಲ್ಲಿ ನಾನೇ ಕಡತವನ್ನು ತಪ್ಪು ತುದಿಯಿಂದ ಬಿಚ್ಚಿರಲಿಲ್ಲವೇ? ನಾನು ಎಡದಿಂದ ಬಿಚ್ಚಿದೆ, ಅವರು ಬಲದಿಂದ ಓದಿದರು. ಪಾಪ, ಹೊಸ ರಾಜ್ಯ, ಹೊಸ ನುಡಿ, ಯಾರನ್ನು ಬೈಯುವುದು? ಕೆಡವೋಣವೆಂದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಳೆಗಾಲದೊಳಗೆ ಮತ್ತೆ ಏಳುವುದಿಲ್ಲ. ಮುಂದುವರಿಸಿ ಎಂದೆ. ನನ್ನ ಪಾಲಿಗೆ ಆ ಹಳೇ ಮೇಜು ಕಾದಿದೆಯೆಂದು ಮನಸ್ಸಿನಲ್ಲೇ ಒಪ್ಪಿಕೊಂಡೆ. ಅದಾದ ಮೇಲೆ ಊಟ ಸೇರುತ್ತಿರಲಿಲ್ಲ.

ಮಾಳಿಗೆ ಮುಗಿದ ವಾರಕ್ಕೇ ಮೇಲಧಿಕಾರಿ ತನಿಖೆಗೆ ಬಂದರು, ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ, ಜೀಪಿನಲ್ಲಿ. ಜೊತೆಗೆ ಬೀದರಿನ ನಮ್ಮ ಗುಮಾಸ್ತರು. ಮೇಲಧಿಕಾರಿಯ ಮುಖ ಕೆಂಪಗೆ ಕಾದಿತ್ತು. ಪಶ್ಚಿಮದ ಗೋಡೆಯ ಮೇಲೆ ಕೈಯಿಟ್ಟವರು ಚುರುಕ್ಕೆಂದು ಹಿಂದಕ್ಕೆಳೆದುಕೊಂಡರು. ಅಲ್ಲಿಂದ ದೊಡ್ಡ ತರಗತಿಗೆ ಬಂದು ಮಾಸ್ತರರ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಟೋಪಿ ತೆಗೆದರು. ನೀರು ಕೇಳಿದರು. ಗೌಂಡಿಯೇ ತಂಬಿಗೆಯಲ್ಲಿ ನೀರು ತಂದುಕೊಟ್ಟು ಬಾಗಿಲ ಹೊರಗೆ ನಿಂತರು.

“ಭೇಷ್!” ಎಂದರು ಮೇಲಧಿಕಾರಿ. “ಪಶ್ಚಿಮಕ್ಕೆ ಕುರುಡು ಗೋಡೆ, ಪೂರ್ವಕ್ಕೆ ಕಿಟಕಿ. ಬೆಂಗಳೂರಿನಲ್ಲಿ ಕೂತೇ ಇಲ್ಲಿಯ ಬಿಸಿಲನ್ನು ಹಿಡಿದಿದ್ದೀರಲ್ಲ! ನಿಮ್ಮನ್ನ ಆ ಮೇಜಿಗೆ ವಾಪಸು ಕಳಿಸಿದರೆ ನನಗೆ ಪಾಪ ಬರುತ್ತೆ.”

ಅವರು ಮೊಹರು ಒತ್ತಿದ ನೂರಾರು ನಕ್ಷೆಗಳಲ್ಲಿ ನನ್ನದು ನೆನಪಿರಲಿಲ್ಲ. ಕೈಮುಗಿದು “ತಮ್ಮ ಆಶೀರ್ವಾದ” ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲು ಬಾಯಿಯನ್ನೂ ತೆರೆದೆ. ಬಾಗಿಲ ಹೊರಗೆ ಖಾಲಿ ತಂಬಿಗೆ ಹಿಡಿದು ನಿಂತಿದ್ದ ಮುದುಕರ ಮೇಲೆ ಕಣ್ಣು ಬಿತ್ತು. ಕೈಬೆರಳುಗಳೆಲ್ಲ ಸುಣ್ಣ ತಿಂದು ಒಡೆದಿದ್ದವು. ನನಗೆ ನಾಚಿಕೆಯಾಯಿತು, ಅಳುವಷ್ಟು ನಾಚಿಕೆ.

“ಸಾರ್, ಹಿಡಿದದ್ದು ನಾನಲ್ಲ” ಎಂದು ನಕ್ಷೆ ಬಿಚ್ಚಿ ಅವರ ಮುಂದಿಟ್ಟೆ. “ನಾನು ಬರೆದದ್ದು ಹೀಗೆ. ಇದು ಬೇಡವೆಂದು ಗೌಂಡಿ ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ. ಆಮೇಲೆ ಅವರು ಉರ್ದುವಿನ ರೂಢಿಯಲ್ಲಿ ನಕ್ಷೆಯನ್ನು ಬಲದಿಂದ ಎಡಕ್ಕೆ ಓದಿಬಿಟ್ಟರು. ಶಾಲೆ ಚೆನ್ನಾಗಿರುವುದು ಆ ತಪ್ಪಿನಿಂದ.”

ಮೇಲಧಿಕಾರಿ ನಕ್ಷೆಯನ್ನೂ ಅದರ ಮೇಲಿನ ತಮ್ಮ ಮೊಹರನ್ನೂ ನೋಡುತ್ತ ಕೂತರು. ನಾನು ಮೇಜಿನ ಎತ್ತರ ನೆನೆಸಿಕೊಳ್ಳುತ್ತ ನಿಂತೆ. ಆದರೆ ನಮ್ಮ ಗುಮಾಸ್ತರ ಮುಖ ಮಾತ್ರ ಅರಳಿತು. ರಾಜ್ಯ ಬದಲಾದ ಮೇಲೆ ಅವರ ಉರ್ದುವನ್ನು ಕೇಳುವವರೇ ಇರಲಿಲ್ಲ. ಈ ಹಳ್ಳಿಯಲ್ಲಿ ಜೊತೆಗಾರನೊಬ್ಬ ಸಿಕ್ಕನೆಂದು ಖುಷಿಯಾಗಿ, ಜೇಬಿನಿಂದ ಮಡಿಸಿದ ಉರ್ದು ಪತ್ರಿಕೆ ತೆಗೆದು ಗೌಂಡಿಯ ಮುಂದೆ ಹಿಡಿದರು. “ಓದ್ರಿ, ಓದ್ರಿ! ಕೇಳಿ ಭಾಳ ದಿವಸಾತು.”

ಗೌಂಡಿ ಪತ್ರಿಕೆ ನೋಡಿದರು. ನನ್ನನ್ನು ನೋಡಿದರು. ತಂಬಿಗೆ ಕೆಳಗಿಟ್ಟರು.

“ನಂಗ ಉರ್ದು ಬರಂಗಿಲ್ರಿ.”

“ಹಾಗಾದರೆ ಕನ್ನಡ ಶಾಲೆಯೇ?” ಎಂದರು ಮೇಲಧಿಕಾರಿ.

“ಅದೂ ಇಲ್ರಿ. ಮರಾಠಿನೂ ಇಲ್ಲ. ನಾ ಸಾಲಿ ಮೆಟ್ಟಿಲಾ ಹತ್ತಿಲ್ರಿ. ಇದೇ ಮೊದ್ಲು, ಅದೂ ನಾನೇ ಕಟ್ಟಿದ್ದು.”

ನಾನು ಬಾಗಿಲಿಗೆ ಬಂದೆ. “ಮತ್ತೆ ನನಗೆ ಯಾಕೆ ಹಾಗೆ ಹೇಳಿದಿರಿ?”

“ಮೊದ್ಲು ಬಿಸಿಲಿನ ಕಾರಣ ಹೇಳಿ ನೋಡ್ದೆ ಸಾಹೇಬ್ರ,” ಎಂದರು ಗೌಂಡಿ, ಸ್ವಲ್ಪವೂ ನಗದೆ. “ನಿಮಗ ತಿಳೀಲಿಲ್ಲ. ನೀವು ಓದಿದವ್ರು. ಓದಿನ ಕಾರಣ ಹೇಳಿದ್ರ ತಿಳೀಬಹುದು ಅಂತ ಇದು ಹೇಳ್ದೆ. ಲಗೂನ ತಿಳೀತು.”

ಮೇಲಧಿಕಾರಿ ನಕ್ಕ ನಗೆಗೆ ಹೊಸ ಮಾಳಿಗೆಯಿಂದ ಮಣ್ಣು ಉದುರಿತು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ಇನ್ನು ಮೇಲೆ ನಿಮ್ಮ ನಕ್ಷೆ ನೀವೇ ಬರೀರಿ. ಆದರೆ ಈ ತಾಲ್ಲೂಕಿನ ಯಾವ ನಕ್ಷೆಗೂ ಇವರ ಹೆಬ್ಬೆಟ್ಟು ಬಿದ್ದ ಮೇಲೆಯೇ ನನ್ನ ಮೊಹರು.” ಆಮೇಲೆ ಗೌಂಡಿಯನ್ನು ಕೇಳಿದರು: “ಏನು ಯಜಮಾನ್ರೇ, ಒತ್ತುತ್ತೀರಾ?”

ಗೌಂಡಿ ತಮ್ಮ ಹೆಬ್ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

“ಒತ್ತತೇನಿ ಸಾಹೇಬ್ರ. ಆದ್ರ ಬೆಂಗಳೂರಾಗ ಕುಂತು ಬರದ ನಕ್ಷಾಕ ಒತ್ತಂಗಿಲ್ಲ. ಮೊದ್ಲು ನಮ್ಮೂರಿಗಿ ಬಂದು ಒಂದು ಬ್ಯಾಸಗಿ ಕಳೀಬೇಕು. ಮೊಹರು ಹಾಕಾವ್ರೂ ಸುದ್ದಾ.”